ಗುಂಡಿ ಹಾಕಿದರೆ ಹೂವು ಕೂಡಬೇಕು: ಪ್ರಿಂಟೆಡ್ ಕಾಟನ್ ಶರ್ಟ್ ಹೊಲಿಯುವುದು ಹೇಗೆ?

ಪ್ರಿಂಟ್ ಇರುವ ಬಟ್ಟೆಯಲ್ಲಿ ಶರ್ಟ್ ಹೊಲಿಯುವಾಗ ಮೆಷಿನ್ ಕೆಲಸಕ್ಕಿಂತ ಕತ್ತರಿ ಕೆಲಸಕ್ಕೆ ಜಾಸ್ತಿ ಹೊತ್ತು ಕೊಡಿ. ನನ್ನ ಮೊದಲ ಶರ್ಟಿನಲ್ಲಿ ಹೊಲಿಗೆ ನೇರವಾಗಿಯೇ ಇತ್ತು. ಗುಂಡಿ ಹಾಕಿ ನೋಡಿದರೆ ಎದೆಯ ನಟ್ಟನಡುವೆ ಅರ್ಧ ಹೂವು, ಅದಕ್ಕೆ ತಾಗಿ ಅರ್ಧ ಎಲೆ. ತುಂಬಾ ಬೇಜಾರಾಯಿತು. ಕತ್ತರಿಸಿದ ಮೇಲೆ ಏನೂ ಮಾಡಲಾಗುವುದಿಲ್ಲ, ಅಲ್ವಾ?

ಬಟ್ಟೆಯನ್ನು ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಕಾಟನ್ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ಜೊತೆಗೆ ಬಿಳಿ ಬಟ್ಟೆಯ ಚೂರೊಂದನ್ನು ಹಾಕಿದರೆ ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಮೈಗೆ ಸರಿಯಾಗಿ ಕೂರುವ ಹಳೇ ಅರ್ಧ ತೋಳಿನ ಶರ್ಟ್ ನೋಡಿಕೊಂಡು ಪೇಪರ್ ಮೇಲೆ ಮುಂಭಾಗ, ಬೆನ್ನು, ಯೋಕ್ (ಬೆನ್ನಿನ ಮೇಲ್ಭಾಗದಲ್ಲಿ ಭುಜಕ್ಕೆ ಬರುವ ತುಂಡು), ತೋಳು, ಕಾಲರ್, ಕಾಲರ್ ಪಟ್ಟಿ (ಕಾಲರನ್ನು ಕುತ್ತಿಗೆಗೆ ಕೂಡಿಸುವ ಪಟ್ಟಿ) ಬರೆದುಕೊಳ್ಳಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಡಿ. ಮುಂಭಾಗದಲ್ಲಿ ಗುಂಡಿ ಕೂರುವ ನಡುಗೆರೆ ಎಳೆಯಲೇಬೇಕು. ಅದರಾಚೆ ಮುಕ್ಕಾಲು ಇಂಚು, ಒಳಗೆ ಮಡಚಲು ಮತ್ತೆ 2 ಇಂಚು ಬಿಡಿ.

ಈಗ ಮುಖ್ಯ ಕೆಲಸ. ಬಟ್ಟೆ ಮಡಚದೆ, ಪ್ರಿಂಟ್ ಮೇಲೆ ಕಾಣುವಂತೆ ಹರಡಿ, ಒಂದು ಮುಂಭಾಗ ಮಾತ್ರ ಕತ್ತರಿಸಿ. ಆ ತುಂಡನ್ನು ಉಳಿದ ಬಟ್ಟೆಯ ಮೇಲಿಟ್ಟು ಅತ್ತಿತ್ತ ಸರಿಸಿ. ಒಂದು ಕಡೆ ಮೇಲಿನ ಹೂವು ಕೆಳಗಿನ ಹೂವಿನಲ್ಲಿ ಕರಗಿ ಹೋಗುತ್ತದೆ, ತುಂಡಿನ ಅಂಚೇ ಕಾಣುವುದಿಲ್ಲ. ಅಲ್ಲಿ ಅದರ ನಡುಗೆರೆಯನ್ನು ಕೆಳಗಿನ ಬಟ್ಟೆಗೆ ಗುರುತು ಮಾಡಿ. ಪೇಪರನ್ನು ಮಗುಚಿ, ನಡುಗೆರೆ ಆ ಗುರುತಿನ ಮೇಲೆ ಬರುವಂತೆ ಇಟ್ಟು ಎರಡನೆಯದನ್ನು ಕತ್ತರಿಸಿ. ಇದಕ್ಕೆ ಬಟ್ಟೆ ಸ್ವಲ್ಪ ಜಾಸ್ತಿ ಬೇಕು. ಕೊಳ್ಳುವಾಗಲೇ ಅರ್ಧ ಮೀಟರ್ ಹೆಚ್ಚಿಗೆ ತೆಗೆದುಕೊಳ್ಳಿ. ಹೂವಿನ ತಲೆ ಒಂದೇ ದಿಕ್ಕಿಗಿದ್ದರೆ ಎಲ್ಲ ತುಂಡುಗಳೂ ಅದೇ ದಿಕ್ಕಿಗಿರಲಿ. ಜೇಬು ಕೊನೆಗೆ ಕತ್ತರಿಸಿ, ಅದು ಎದೆಯ ಪ್ರಿಂಟಿಗೆ ಸೇರಬೇಕು.

ಹೊಲಿಗೆಗೆ 11ನೇ ನಂಬರ್ ಸೂಜಿ ಸಾಕು. ಗುಂಡಿಪಟ್ಟಿ ಮಡಚಿ ಹೊಲಿದು, ಜೇಬು ಕೂರಿಸಿ, ಆಮೇಲೆ ಯೋಕ್ ಸೇರಿಸಿ.

ಕಾಲರಿಗೆ ಅವಸರ ಬೇಡ. ಕಾಲರಿಗೂ ಪಟ್ಟಿಗೂ ಕ್ಯಾನ್ವಾಸ್ (ಗಟ್ಟಿಯಾಗಿ ನಿಲ್ಲಲು ಒಳಗೆ ಹಾಕುವ ಬಟ್ಟೆ) ಅಂಟಿಸಿ. ಕೆಳಗಿನ ಕಾಲರನ್ನು 2–3 ಮಿ.ಮೀ. ಚಿಕ್ಕದಾಗಿ ಕತ್ತರಿಸಿದರೆ ಹೊಲಿಗೆ ಒಳಗೇ ಉಳಿಯುತ್ತದೆ. ಮೂಲೆಯಲ್ಲಿ ಸೀದಾ ತಿರುಗಬೇಡಿ. ಒಂದು ಹೊಲಿಗೆ ಓರೆಯಾಗಿ ಹಾಕಿ ತಿರುಗಿ, ತುದಿ ಚೂಪಾಗಿ ಬರುತ್ತದೆ. ಕುತ್ತಿಗೆಗೆ ಕೂಡಿಸುವ ಮುಂಚೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ.

ಮಗ್ಗುಲು ಹೊಲಿಯುವ ಮೊದಲೇ ತೋಳು ಕೂಡಿಸಿಬಿಡಿ, ಸುಲಭ. ಆಮೇಲೆ ತೋಳಿನ ತುದಿಯಿಂದ ಕೆಳಗಿನ ಅಂಚಿನವರೆಗೆ ಒಂದೇ ಹೊಲಿಗೆ. ತೋಳಿನ ತುದಿ, ಕೆಳಗಿನ ಅಂಚು ಮಡಚಿ ಹೊಲಿಯಿರಿ.

ಗುಂಡಿ ತೂರುವ ಕಾಜವನ್ನು ಮೊದಲು ಚೂರು ಬಟ್ಟೆಯ ಮೇಲೆ ಹಾಕಿ ನೋಡಿ. ಗಂಡಸರ ಶರ್ಟಿನಲ್ಲಿ ಕಾಜ ತೊಟ್ಟವರ ಎಡಕ್ಕೆ, ಹೆಂಗಸರದ್ದರಲ್ಲಿ ಬಲಕ್ಕೆ. ಎದೆ ತುಂಬಿರುವ ಕಡೆ ಒಂದು ಗುಂಡಿ ಬರಲೇಬೇಕು, ಇಲ್ಲದಿದ್ದರೆ ಅಲ್ಲಿ ಬಾಯಿ ಬಿಡುತ್ತದೆ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಮೂರೂವರೆ ಇಂಚಿಗೊಂದು. ಕಾಜ ಸೀಳುವಾಗ ತುದಿಗೆ ಅಡ್ಡ ಗುಂಡುಪಿನ್ನು ಚುಚ್ಚಿ, ಬ್ಲೇಡು ದಾಟಿ ಹೋಗುವುದಿಲ್ಲ.

ಕೊನೆಗೆ ಎರಡೂ ಕಡೆಯ ಹೂವು ಕೂಡುವಂತೆ ಒಂದರ ಮೇಲೊಂದು ಇಟ್ಟು, ಕಾಜದೊಳಗಿಂದ ಪೆನ್ಸಿಲ್ ಚುಕ್ಕೆ ಇಡಿ. ಗುಂಡಿಯ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಟು ಹೊಲಿಯಿರಿ. ಕಡ್ಡಿ ತೆಗೆದು, ಗುಂಡಿಯ ಕೆಳಗೆ ಸಡಿಲವಾಗಿ ಉಳಿದ ದಾರದ ಸುತ್ತ ಮೂರು ಸುತ್ತು ಸುತ್ತಿ ಗಂಟು ಹಾಕಿ.