ನೆರೆ ಬರುವ ಮೊದಲೇ ಹ್ಯಾಮ್ ರೇಡಿಯೊ ಸಿದ್ಧಗೊಳಿಸುವ ಬಗೆ

ಮಲಪ್ರಭೆ ಉಕ್ಕಿದಾಗ ಗದಗ ಜಿಲ್ಲೆಯ ಕೊಣ್ಣೂರು, ಹೊಳೆಆಲೂರು ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದು, ಮೊಬೈಲೂ ಮೂಕವಾಗಬಹುದು. ಆಗ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ಪರವಾನಗಿ ಪಡೆದು ನಡೆಸುವ, ಮಾತಾಡಲೂ ಕೇಳಲೂ ಆಗುವ ರೇಡಿಯೊ, ನೆರವಾಗಬೇಕಾದರೆ ಬೇಸಿಗೆಯಲ್ಲೇ ಸಿದ್ಧತೆ ಮುಗಿದಿರಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯುವುದು ಮೊದಲ ಕೆಲಸ. 12 ವರ್ಷ ತುಂಬಿದವರು ಬರೆಯಬಹುದು, ಪರವಾನಗಿಯ ನಿರ್ಬಂಧಿತ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ ಲಿಪಿ) ಬೇಕಿಲ್ಲ.

ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಸೆಟ್ಟು ನೇರವಾಗಿ ಕೆಲವೇ ಕಿಲೋಮೀಟರ್ ಮುಟ್ಟುತ್ತದೆ. ಹಗಲಿನಲ್ಲಿ ಹುಬ್ಬಳ್ಳಿ-ಧಾರವಾಡವನ್ನು ತಲುಪಲು 7 ಮೆಗಾಹರ್ಟ್ಜ್ ಆವರ್ತನದ ಸೆಟ್ಟು ಒಳ್ಳೆಯದು. ಅದರ ಆಂಟೆನಾಕ್ಕೆ ಸುಮಾರು 20 ಮೀಟರ್ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಕೋಆಕ್ಸಿಯಲ್ ಕೇಬಲಿನ ಒಳತಂತಿಯನ್ನು ಒಂದು ತುಂಡಿಗೂ ಹೊರಜಾಲರಿಯನ್ನು ಇನ್ನೊಂದಕ್ಕೂ ಬೆಸೆದು, ಹೊರತುದಿಗಳನ್ನು ನೈಲಾನ್ ಹಗ್ಗದಿಂದ ಎರಡು ಬೇವಿನ ಮರಗಳಿಗೆ 4–5 ಮೀಟರ್ ಎತ್ತರದಲ್ಲಿ ಬಿಗಿಯಿರಿ. ಇಷ್ಟು ತಗ್ಗೇ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ತಗ್ಗಿನ ತಂತಿಯ ಅಲೆ ಬಹುಪಾಲು ನೆಟ್ಟಗೆ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ ಸುತ್ತಲಿನ ಜಿಲ್ಲೆಗಳಿಗೇ ಇಳಿಯುತ್ತದೆ. ವಿದ್ಯುತ್ ತಂತಿಯ ಸಮೀಪ ಮಾತ್ರ ಸರ್ವಥಾ ಕಟ್ಟಬಾರದು. ಸೆಟ್ಟು ನಡೆಸಲು 12 ವೋಲ್ಟಿನ ಟ್ರ್ಯಾಕ್ಟರ್ ಬ್ಯಾಟರಿ ಸಾಕು.

ಸಂದೇಶವನ್ನು ಮೊದಲು ಕಾಗದದಲ್ಲಿ ಬರೆದುಕೊಳ್ಳಿ: ಊರು, ಸಮಯ, ಎಷ್ಟು ಜನ, ಏನು ಬೇಕು. ಕೇಳಿಸಿಕೊಂಡವರು ಅದನ್ನು ಓದಿ ಒಪ್ಪಿಸಿದ ಮೇಲೆಯೇ ಮುಂದಿನದನ್ನು ಹೇಳಬೇಕು.