ತೆರಿಗೆ ರಿಯಾಯಿತಿ, ಹೊಸ ಮನೆಗಳ ಜಾಗ: ಇಂಗ್ಲೆಂಡಿನ ಕೌನ್ಸಿಲ್ ಮುಂದೆ ನಿಮ್ಮ ಮಾತು ಇಡುವ ಬಗೆ

ಇಂಗ್ಲೆಂಡಿನಲ್ಲಿ ನೆಲೆಸಿದವರ ಮನೆಖರ್ಚಿಗೂ ನೆರೆಹೊರೆಗೂ ನೇರವಾಗಿ ತಟ್ಟುವ ಎರಡು ತೀರ್ಮಾನಗಳು ಸ್ಥಳೀಯ ಕೌನ್ಸಿಲ್ ಕೈಯಲ್ಲಿವೆ. ಆದಾಯ ಕಡಿಮೆಯಿರುವವರಿಗೆ ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಎಷ್ಟು ರಿಯಾಯಿತಿ ಎನ್ನುವುದು ಒಂದು. ಮುಂದಿನ ವರ್ಷಗಳಲ್ಲಿ ಹೊಸ ಮನೆಗಳು ಯಾವ ಜಾಗದಲ್ಲಿ ಏಳಬೇಕು ಎನ್ನುವುದು ಇನ್ನೊಂದು. ಎರಡರಲ್ಲೂ ಜನರ ಅಭಿಪ್ರಾಯ ಕೇಳುವುದು ಕಾನೂನಿನ ಕಟ್ಟಳೆ. ಆದರೆ ಬಹಳ ಮಂದಿ ಎಚ್ಚೆತ್ತುಕೊಳ್ಳುವುದು ಕೌನ್ಸಿಲರುಗಳು ಮತ ಹಾಕುವ ಸಭೆಯ ದಿನ. ಆ ಹೊತ್ತಿಗೆ ಕರಡು ಗಟ್ಟಿಯಾಗಿರುತ್ತದೆ. ಭಾರತೀಯ ಪಾಸ್‌ಪೋರ್ಟ್ ಇದ್ದರೂ, ಕಾನೂನುಬದ್ಧವಾಗಿ ಅಲ್ಲಿ ವಾಸಿಸುವ ಕಾಮನ್‌ವೆಲ್ತ್ ಪ್ರಜೆಗಳಾಗಿ ನೀವು ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ನಿಮ್ಮ ವಾರ್ಡಿನ ಕೌನ್ಸಿಲರ್ ಇಮೇಲಿಗೆ ಉತ್ತರಿಸಲು ಅದೂ ಒಂದು ಕಾರಣ.

ಕೌನ್ಸಿಲ್ಲಿನ ಕ್ಯಾಬಿನೆಟ್ (ಆಡಳಿತ ನಡೆಸುವ ಕೆಲವೇ ಕೌನ್ಸಿಲರುಗಳ ಗುಂಪು) ತೆಗೆದುಕೊಳ್ಳುವ ಮುಖ್ಯ ತೀರ್ಮಾನಗಳ ಸೂಚನೆ 28 ದಿನ ಮೊದಲೇ ಕೌನ್ಸಿಲ್ ವೆಬ್‌ಸೈಟಿನಲ್ಲಿ ಬರುತ್ತದೆ. ಸಭೆಯ ಅಜೆಂಡಾ ಐದು ಪೂರ್ಣ ಕೆಲಸದ ದಿನ ಮುಂಚೆ ಬರಬೇಕು. ಪ್ರಕಟಣೆಯ ದಿನವೂ ಸಭೆಯ ದಿನವೂ ಲೆಕ್ಕಕ್ಕಿಲ್ಲ. ಗುರುವಾರದ ಸಭೆಗೆ, ನಡುವೆ ಸರ್ಕಾರಿ ರಜೆ ಇಲ್ಲದಿದ್ದರೆ, ಹಿಂದಿನ ವಾರದ ಬುಧವಾರ ನೋಡಿ. ಅಜೆಂಡಾದ ಜೊತೆಗಿರುವ ಅಧಿಕಾರಿಯ ವರದಿಯಲ್ಲಿ ಪರಿಗಣಿಸಿ ಕೈಬಿಟ್ಟ ಆಯ್ಕೆಗಳು, ಹಣಕಾಸಿನ ಪರಿಣಾಮ, ಸಮಾನತೆಯ ಪರಿಣಾಮ ಈ ಮೂರು ಭಾಗಗಳನ್ನು ಮೊದಲು ಓದಿ.

ರಿಯಾಯಿತಿ

2013ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಒಂದೇ ಆಗಿದ್ದ ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್ ಹೋಗಿ ಸ್ಥಳೀಯ ಯೋಜನೆಗಳು ಬಂದವು. ಪಿಂಚಣಿ ವಯಸ್ಸಿನವರಿಗೆ ನಿಯಮ ಈಗಲೂ ಕೇಂದ್ರದ್ದೇ. ಕಡಿತದ ಭಾರ ದುಡಿಯುವ ವಯಸ್ಸಿನವರ ಮೇಲೆ ಬೀಳುವುದು ಅದಕ್ಕೇ. ಮುಂದಿನ ಹಣಕಾಸು ವರ್ಷದ ಬದಲಾವಣೆಯನ್ನು ಮಾರ್ಚ್ 11ರೊಳಗೆ ಪೂರ್ಣ ಕೌನ್ಸಿಲ್ಲೇ (ಎಲ್ಲ ಕೌನ್ಸಿಲರುಗಳ ಸಭೆ) ಒಪ್ಪಬೇಕು, ಕ್ಯಾಬಿನೆಟ್ ಒಂದೇ ಸಾಲದು. ಅಭಿಪ್ರಾಯ ಕೇಳುವುದು ಸಾಮಾನ್ಯವಾಗಿ ಅದರ ಹಿಂದಿನ ತಿಂಗಳುಗಳಲ್ಲಿ.

ಈಗಿನ ಯೋಜನೆ, ಕರಡು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾಲ್ಕು ಅಂಶ ಹೋಲಿಸಿ: ಎಲ್ಲರೂ ಕಟ್ಟಲೇಬೇಕಾದ ಕನಿಷ್ಠ ಪಾಲು, ಉಳಿತಾಯದ ಮಿತಿ, ಆದಾಯದ ಹಂತಗಳು, ಜೊತೆಗಿರುವ ವಯಸ್ಕ ಮಕ್ಕಳ ಹೆಸರಿನಲ್ಲಿ ಆಗುವ ಕಡಿತ. ಆಮೇಲೆ ಒಂದು ಮನೆಯ ಲೆಕ್ಕ ಬರೆಯಿರಿ. ವರ್ಷದ ತೆರಿಗೆ 1,800 ಪೌಂಡ್ ಎಂದಿಟ್ಟುಕೊಳ್ಳಿ. ಪೂರ್ತಿ ರಿಯಾಯಿತಿ ಶೇ 80ಕ್ಕೆ ಇಳಿದರೆ 360 ಪೌಂಡ್ ಕೈಯಿಂದ ಹೋಗುತ್ತದೆ, ಅಂದರೆ ತಿಂಗಳಿಗೆ 30. "ಇದು ಅನ್ಯಾಯ" ಎಂದಷ್ಟೇ ಬರೆದ ಪತ್ರಕ್ಕಿಂತ ಈ ಲೆಕ್ಕದ ತೂಕ ಹೆಚ್ಚು.

ಬೇರೆ ದಾರಿಗಳನ್ನು ಜನರ ಮುಂದಿಟ್ಟಿದ್ದಾರೆಯೇ ಎಂದೂ ಕೇಳಿ. ತೆರಿಗೆ ಏರಿಸುವುದು, ಮೀಸಲು ನಿಧಿ ಬಳಸುವುದು, ಬೇರೆ ಸೇವೆ ಕಡಿಮೆ ಮಾಡುವುದು ಇವನ್ನೆಲ್ಲ ಹೇಳದೆ ಕಡಿತ ಅನಿವಾರ್ಯವೆಂಬಂತೆ ಅಭಿಪ್ರಾಯ ಕೇಳಿದ್ದು ಕಾನೂನುಬಾಹಿರ ಎಂದು ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ಲಿನ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಇನ್ನೊಂದು ಅಂಶ ಬಹಳ ಮಂದಿಗೆ ಗೊತ್ತಿಲ್ಲ: ರಿಯಾಯಿತಿ ಇಳಿಸಿದರೆ ಅಥವಾ ತೆಗೆದರೆ, ತನಗೆ ಸೂಕ್ತವೆನಿಸಿದ ಪರಿವರ್ತನಾ ವ್ಯವಸ್ಥೆಯನ್ನು (ಹಳೆಯದರಿಂದ ಹೊಸದಕ್ಕೆ ಹೋಗುವಾಗಿನ ಏರ್ಪಾಡು) ಕೌನ್ಸಿಲ್ ಯೋಜನೆಯಲ್ಲೇ ಸೇರಿಸಬೇಕು. "ಎಷ್ಟು ತಿಂಗಳು, ಯಾರಿಗೆ?" ಎಂದು ಲಿಖಿತವಾಗಿ ಕೇಳಿ.

ವೀಸಾದಲ್ಲಿ ಸಾರ್ವಜನಿಕ ನಿಧಿ ಬಳಸಬಾರದೆಂಬ ಷರತ್ತು ಇರುವವರು ಈ ರಿಯಾಯಿತಿಗೆ ಅರ್ಜಿ ಹಾಕಬೇಡಿ. ಇದು ಸಾರ್ವಜನಿಕ ನಿಧಿಗಳ ಪಟ್ಟಿಯಲ್ಲಿದೆ, ವೀಸಾಕ್ಕೇ ತೊಂದರೆಯಾದೀತು. ಒಬ್ಬರೇ ವಯಸ್ಕರಿರುವ ಮನೆಗೆ ಸಿಗುವ ಶೇ 25ರ ಕಡಿತ ಆ ಪಟ್ಟಿಗೆ ಸೇರುವುದಿಲ್ಲ, ಅದನ್ನು ಧೈರ್ಯವಾಗಿ ಪಡೆಯಿರಿ.

ಮನೆಗಳ ಜಾಗ

ಇದಕ್ಕೆ ಲೋಕಲ್ ಪ್ಲಾನ್ ಆಧಾರ, ಅಂದರೆ ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಕೌನ್ಸಿಲ್ಲಿನ ಯೋಜನೆ. ಜಮೀನಿನವರಿಂದ, ಬಿಲ್ಡರುಗಳಿಂದ ಜಾಗಗಳ ಪ್ರಸ್ತಾವ ಬರುತ್ತದೆ, ಕೌನ್ಸಿಲ್ ಅಳೆದು ತೂಗಿ ಪಟ್ಟಿ ಮಾಡುತ್ತದೆ. 2012ರ ನಿಯಮಾವಳಿಯಂತೆ ಸಾಗುತ್ತಿರುವ ಪ್ಲಾನುಗಳಲ್ಲಿ ಅಭಿಪ್ರಾಯ ಕೇಳುವ ಎರಡು ಸುತ್ತು ಮುಖ್ಯ. ನಿಯಮ 18ರ ಸುತ್ತಿನಲ್ಲಿ ಪಟ್ಟಿ ಇನ್ನೂ ಮೆತ್ತಗಿರುತ್ತದೆ, ನಿಮ್ಮ ಶಕ್ತಿಯನ್ನೆಲ್ಲ ಇಲ್ಲಿ ಹಾಕಿ. ನಿಯಮ 19ರ ಸುತ್ತು ಕನಿಷ್ಠ ಆರು ವಾರ ತೆರೆದಿರುತ್ತದೆ, ಆದರೆ ಅದು ಕೌನ್ಸಿಲ್ಲಿಗಿಂತ ಹೆಚ್ಚಾಗಿ ಪ್ಲಾನನ್ನು ಪರೀಕ್ಷಿಸುವ ಸ್ವತಂತ್ರ ಇನ್‌ಸ್ಪೆಕ್ಟರ್ ಓದಲೆಂದೇ ಇರುವುದು. 18ರಲ್ಲಿ ಬರೆದದ್ದು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. 19ರಲ್ಲಿ ಮತ್ತೆ ಬರೆಯಬೇಕು. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಇನ್‌ಸ್ಪೆಕ್ಟರ್ ನಾಲ್ಕು ವಿಷಯ ಪರೀಕ್ಷಿಸುತ್ತಾರೆ: ಪ್ರದೇಶದ ಅಗತ್ಯ ಪೂರೈಸುವಂತೆ ಪ್ಲಾನ್ ತಯಾರಾಗಿದೆಯೇ, ಪುರಾವೆಯಿಂದ ಸಮರ್ಥಿತವೇ, ಜಾರಿಗೆ ತರಲು ಸಾಧ್ಯವೇ, ರಾಷ್ಟ್ರೀಯ ನೀತಿಗೆ ಹೊಂದುತ್ತದೆಯೇ. ನಿಮ್ಮ ಆಕ್ಷೇಪ ಇವುಗಳಲ್ಲಿ ಒಂದಕ್ಕಾದರೂ ತಗಲಬೇಕು. ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯ ನೋಟ ಹೋಗುತ್ತದೆ ಎನ್ನುವ ಮಾತು ನಿಲ್ಲುವುದಿಲ್ಲ. ಪ್ಲಾನಿನಲ್ಲಿರುವ ಜಾಗದ ಸಂಖ್ಯೆ ಮತ್ತು ಪಾಲಿಸಿ (ನೀತಿ) ಸಂಖ್ಯೆ ನಮೂದಿಸಿ, ಎನ್ವಿರಾನ್‌ಮೆಂಟ್ ಏಜೆನ್ಸಿಯ ಪ್ರವಾಹ ನಕ್ಷೆಯಲ್ಲಿ ಅದು ಯಾವ ವಲಯವೆಂದು ನೋಡಿ, ನೀರು ನಿಂತ ದಿನಾಂಕದ ಸಹಿತ ಫೋಟೋ ಲಗತ್ತಿಸಿ. ವಲಯ 3 ಎಂದರೆ ನದಿ ಉಕ್ಕುವ ಸಾಧ್ಯತೆ ವರ್ಷಕ್ಕೆ ಶೇ 1 ಅಥವಾ ಅದಕ್ಕಿಂತ ಹೆಚ್ಚು. ಕಡಿಮೆ ಅಪಾಯದ ಜಾಗ ಸಿಗುವಾಗ ಇದನ್ನೇಕೆ ಆರಿಸಿದಿರಿ ಎಂಬ ಪ್ರಶ್ನೆಗೆ ಕೌನ್ಸಿಲ್ ಉತ್ತರಿಸಲೇಬೇಕು. ಎರಡು ಹಂತದ ಆಡಳಿತ ಇರುವ ಕಡೆ ರಸ್ತೆ, ಶಾಲೆಗಳು ಮೇಲಿನ ಹಂತದ ಕೌಂಟಿ ಕೌನ್ಸಿಲ್ಲಿನವು. ಅವರ ಹೇಳಿಕೆಯನ್ನೂ ಹುಡುಕಿ ಓದಿ.

ಬೇಡ ಎಂದರೆ ಸಾಲದು, ಏನು ಬದಲಾಗಬೇಕೆಂದು ಬರೆಯಿರಿ: ಮನೆಗಳ ಸಂಖ್ಯೆ ಇಳಿಸಿ, ಪ್ರವೇಶದ ರಸ್ತೆ ಬೇರೆ ಕಡೆ ಕೊಡಿ, ತೊರೆಯ ಬದಿ ಖಾಲಿ ಬಿಡಿ. ಪ್ಲಾನ್ ಬದಲಿಸಬೇಕೆಂದು 19ರ ಸುತ್ತಿನಲ್ಲಿ ಕೇಳಿದವರಿಗೆ ಇನ್‌ಸ್ಪೆಕ್ಟರ್ ಮುಂದೆ ಖುದ್ದಾಗಿ ಮಾತನಾಡುವ ಹಕ್ಕಿದೆ. ಫಾರ್ಮಿನಲ್ಲಿ ಖುದ್ದಾಗಿ ಮಾತನಾಡಬೇಕು ಎನ್ನುವ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸಿದರೂ ವಾದ ಒಂದೇ. ಬೇರೆ ಬೇರೆ ಪುರಾವೆಯಿರುವ ಹತ್ತು ಪತ್ರಗಳು ಅದಕ್ಕಿಂತ ಮೇಲು. ನಿಮ್ಮ ಹೆಸರು ಪ್ರಕಟವಾಗುತ್ತದೆ ಎನ್ನುವುದೂ ನೆನಪಿರಲಿ.

ಪ್ಲಾನ್ ಅಂಗೀಕಾರವಾದ ಮೇಲೆ ಹೈಕೋರ್ಟಿಗೆ ಹೋಗಲು ಆರು ವಾರ, ಅದೂ ಕಾನೂನಿನ ತಪ್ಪಿಗೆ ಮಾತ್ರ. ಪಟ್ಟಿಗೆ ಸೇರಿದ ಜಾಗದಲ್ಲಿ ಮನೆಯೇ ಬೇಡ ಎನ್ನುವುದು ಆಮೇಲೆ ಬಹಳ ಕಷ್ಟ. ಬಿಲ್ಡರ್ ಅನುಮತಿಗೆ ಅರ್ಜಿ ಹಾಕಿದಾಗ ಎತ್ತರ, ಚರಂಡಿ, ರಸ್ತೆ ಪ್ರವೇಶ ಇವುಗಳ ಮೇಲೆ ಮಾತ್ರ ಹಿಡಿತ ಉಳಿದಿರುತ್ತದೆ. ಆ ಅರ್ಜಿಗಳ ಇಮೇಲ್ ಸೂಚನೆಯ ವ್ಯವಸ್ಥೆ ನಿಮ್ಮ ಕೌನ್ಸಿಲ್ಲಿನಲ್ಲಿದ್ದರೆ ಇಂದೇ ನೋಂದಾಯಿಸಿಕೊಳ್ಳಿ.