ಏರ್ ಪ್ಯೂರಿಫೈಯರ್ ತಗೊಂಡ ನನ್ನ ಅನುಭವ: ಮೊದಲು ಓಝೋನ್ ನೋಡಿ

ಮಗನಿಗೆ ಉಬ್ಬಸ ಇದೆ, ಅದಕ್ಕೇ ಏರ್ ಪ್ಯೂರಿಫೈಯರ್ ತರೋಣ ಅಂತ ಹೊರಟಿದ್ದು. ಮೊದಲು ತಂದಿದ್ದು ಅಯೋನೈಜರ್ ಮೆಷಿನ್, ಅಂದ್ರೆ ಗಾಳಿಯ ಧೂಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ಕೆಳಗಿಳಿಸೋದು, ಫಿಲ್ಟರ್ ಬದಲಾಯಿಸೋ ಗೋಜಿಲ್ಲ, ಸದ್ದೂ ಇಲ್ಲ, ಆನ್ ಮಾಡಿದ್ರೆ ಸಿಡಿಲು ಮಿಂಚಿನ ಹೊತ್ತಲ್ಲಿ ಒಂದು ಥರ ವಾಸನೆ ಬರುತ್ತಲ್ಲ ಅದೇ ವಾಸನೆ, ನಾವು ಗಾಳಿ ಶುದ್ಧ ಆಗ್ತಿದೆ ಅಂದ್ಕೊಂಡ್ವಿ. ಮೂರು ರಾತ್ರಿ ಕಳೆಯೋಷ್ಟರಲ್ಲಿ ಮಗನ ಕೆಮ್ಮು ಜಾಸ್ತಿ ಆಯ್ತು, ನನಗೂ ಗಂಟಲು ಕೆರೆತ. ಆಫ್ ಮಾಡಿಟ್ಟ ಮೇಲೆ ಇಬ್ಬರಿಗೂ ಕಮ್ಮಿ ಆಯ್ತು. ಆಮೇಲೇ ನಾನು ಕೂತು ಓದಿದ್ದು.

ಆ ವಾಸನೆ ಓಝೋನ್ ಅನ್ನೋ ಅನಿಲದ್ದು. ಆಕಾಶದಲ್ಲಿ ಅಷ್ಟೆತ್ತರದಲ್ಲಿದ್ರೆ ನಮ್ಮನ್ನ ಕಾಯುತ್ತೆ, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸನಾಳ ಕೆರಳಿಸುತ್ತೆ, ಉಬ್ಬಸ ಇರೋರಿಗಂತೂ ಇನ್ನೂ ಕಷ್ಟ. ಅಷ್ಟೇ ಅಲ್ಲ, ನಿಂಬೆ ವಾಸನೆಯ ನೆಲ ಒರೆಸೋ ಲಿಕ್ವಿಡ್ ಇರುತ್ತಲ್ಲ, ಅದರ ಆವಿ ಜೊತೆ ಓಝೋನ್ ಸೇರಿದ್ರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತೆ. ಅಂದ್ರೆ ಗಾಳಿ ತೊಳೆಯೋ ಮೆಷಿನ್ನೇ ಹೊಸ ವಿಷ ಸೇರಿಸ್ತಿರುತ್ತೆ. ಇದು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು, ಡಬ್ಬದ ಮೇಲೆ ಒಂದಕ್ಷರ ಇರ್ಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಇದೆ, ಮನೆಯೊಳಗಿನ ಏರ್ ಕ್ಲೀನರ್ 0.050 ಪಿಪಿಎಂಗಿಂತ (ಪಿಪಿಎಂ ಅಂದ್ರೆ ಹತ್ತು ಲಕ್ಷ ಪಾಲು ಗಾಳಿಲಿ ಎಷ್ಟು ಪಾಲು ಅನ್ನೋ ಲೆಕ್ಕ) ಜಾಸ್ತಿ ಓಝೋನ್ ಬಿಡೋ ಹಾಗಿಲ್ಲ, ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಪಾಸಾದ ಮಾಡೆಲ್‌ಗಳ ಪಟ್ಟಿನೂ ಇಟ್ಟಿದೆ. ನೀವು ಎಲ್ಲೇ ಇರಿ, ಆ ಪಟ್ಟಿಲಿ ನಿಮ್ಮ ಮಾಡೆಲ್ ಇದೆಯಾ ನೋಡ್ಬಹುದು. ಯುಎಲ್ 2998 ಅನ್ನೋ ಸರ್ಟಿಫಿಕೇಟ್ ಇನ್ನೂ ಬಿಗಿ, ಅದರ ಮಿತಿ 0.005 ಪಿಪಿಎಂ. ನಾನು ಕೊನೆಗೆ ಬರೀ ಫ್ಯಾನು ಮತ್ತೆ ಹೆಪಾ ಫಿಲ್ಟರ್ (ತೀರಾ ಸಣ್ಣ ಕಣಗಳನ್ನೂ ಹಿಡಿಯೋ ಫಿಲ್ಟರ್) ಇರೋದನ್ನೇ ತಗೊಂಡೆ, ಓಝೋನ್ ಹುಟ್ಟಿಸಬಹುದಾದ ಅಯಾನ್, ಪ್ಲಾಸ್ಮಾ, ಯುವಿ ಯಾವುದೂ ಬೇಡ ಅಂತ. ಅಸಲಿ ಹೆಪಾ 0.3 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣಗಳನ್ನ 99.97% ಹಿಡಿಯುತ್ತೆ, "ಹೆಪಾ ಟೈಪ್" ಅಂತ ಬರೆದಿದ್ರೆ ಆ ಗ್ಯಾರಂಟಿ ಇಲ್ಲ.

ಆಮೇಲೆ ಸಿಎಡಿಆರ್, ಅಂದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತೆ ಅನ್ನೋ ಲೆಕ್ಕ. ರೂಮಿನ ಚದರಡಿಯ ಮೂರರಲ್ಲಿ ಎರಡು ಪಾಲಾದ್ರೂ ಇರಬೇಕು. ನಮ್ಮ ಮಲಗೋ ರೂಮು 150 ಚದರಡಿ, ಹಾಗಾಗಿ ಕನಿಷ್ಠ 100, 8 ಅಡಿ ಎತ್ತರದ ರೂಮಿಗೆ ಅದು ಗಂಟೆಗೆ 5 ಸಲ ಪೂರ್ತಿ ಗಾಳಿ ತಿರುಗಿಸಿದಷ್ಟಾಗುತ್ತೆ. ಆದ್ರೆ ಡಬ್ಬದ ಮೇಲಿನ ನಂಬರ್ ಫುಲ್ ಸ್ಪೀಡಿಂದು, ಆ ಸದ್ದಲ್ಲಿ ಮಗು ಮಲಗಲ್ಲ! ಅದಕ್ಕೇ ದೊಡ್ಡ ಸೈಜ್ ತಗೊಂಡು ಕಮ್ಮಿ ಸ್ಪೀಡಲ್ಲಿ ಓಡಿಸ್ತೀವಿ.

ಹೊಸ ಫಿಲ್ಟರ್ ಕೆಲವೊಮ್ಮೆ ಪ್ಲಾಸ್ಟಿಕ್ ಕವರಲ್ಲೇ ಮೆಷಿನ್ ಒಳಗೆ ಇರುತ್ತೆ, ಬಿಚ್ಚಿ ನೋಡಿ ತೆಗೀರಿ. ಗೋಡೆಗೆ ಒತ್ತಿಡಬೇಡಿ.

ಹೆಪಾ ಹಿಡಿಯೋದು ಧೂಳು, ಹೊಗೆಯ ಕಣ, ಪರಾಗ ಇಂಥವನ್ನ ಮಾತ್ರ, ಪೇಂಟ್ ವಾಸನೆ, ಗ್ಯಾಸ್ ಒಲೆಯ ಅನಿಲ ಹಿಡಿಯಲ್ಲ. ಅದಕ್ಕೆ ಇದ್ದಿಲಿನ ಕಾರ್ಬನ್ ಫಿಲ್ಟರ್ ದಂಡಿಯಾಗಿ ಬೇಕು, ತೆಳ್ಳನೆ ಕಪ್ಪು ಹಾಳೆ ಬೇಗ ತುಂಬಿಹೋಗುತ್ತೆ. ನಾವು ಅಡುಗೆ ಮಾಡೋವಾಗ ಕಿಟಕಿ ತೆಗೆದು ಎಕ್ಸಾಸ್ಟ್ ಹಾಕ್ತೀವಿ, ರೂಮ್ ಫ್ರೆಶ್ನರ್ ಬಿಟ್ಟೇ ಬಿಟ್ವಿ. ಮಗನ ರಾತ್ರಿ ಕೆಮ್ಮು ಈಗ ಎಷ್ಟೋ ವಾಸಿ, ಆದ್ರೂ ಇನ್ಹೇಲರ್ ನಿಲ್ಲಿಸಿಲ್ಲ, ಡಾಕ್ಟರ್ ಹೇಳಿದ ಡೋಸ್ ಹಾಗೇ ನಡೀತಿದೆ.